ಚೆಕ್: ಪದದ ಮೂಲ ಮತ್ತು ಅರ್ಥವಿಸ್ತಾರ

ಚೆಕ್ ಇಂಗ್ಲಿಷಿನ ನಿತ್ಯಬಳಕೆಯ ಪದಗಳಲ್ಲೊಂದು; ನಾಮಪದ, ಕ್ರಿಯಾಪದ, ಉದ್ಗಾರ ಮೂರೂ ಆಗಿ ನಡೆಯುತ್ತದೆ. ಚದುರಂಗದಲ್ಲಿ ರಾಜನಿಗೆ ಎದುರಾದ ಅಪಾಯ, ತಡೆ, ಹತೋಟಿ, ತಪಾಸಣೆ, ಸರಿ ಎಂದು ಹಾಕುವ ಗುರುತು, ಬ್ಯಾಂಕಿನಿಂದ ಹಣ ಕೊಡಿಸುವ ಚೀಟಿ, ಹೋಟೆಲಿನ ಬಿಲ್ಲು, ಸಾಮಾನು ಒಪ್ಪಿಸಿ ಪಡೆಯುವ ಟೋಕನ್, ಬಟ್ಟೆಯ ಮೇಲಿನ ಚೌಕಳಿ ಇವೆಲ್ಲ ಅದರ ಅರ್ಥಗಳು. ಮೇಲ್ನೋಟಕ್ಕೆ ಒಂದಕ್ಕೊಂದು ನಂಟಿಲ್ಲದ ಈ ಅರ್ಥಗಳು ಒಂದೇ ಬೇರಿನಿಂದ ಒಡೆದ ಕವಲುಗಳು. ಆ ಬೇರು ಪರ್ಷಿಯನ್ ಭಾಷೆಯ ‘ಶಾಹ್’, ಅಂದರೆ ರಾಜ. ಆಟದ ಮಣೆಯ ಮುಂದೆ ಕುಳಿತವನು ‘ರಾಜ!’ ಎಂದು ಎದುರಾಳಿಯನ್ನು ಎಚ್ಚರಿಸುತ್ತಿದ್ದ ಕೂಗು ಸಾವಿರ ವರ್ಷಗಳಲ್ಲಿ ಖಜಾನೆ, ಬ್ಯಾಂಕು, ಬಟ್ಟೆ ಅಂಗಡಿ, ಆಸ್ಪತ್ರೆ, ವಿಮಾನ ನಿಲ್ದಾಣಗಳಿಗೆ ಹಬ್ಬಿದ ಬಗೆ ಪದಗಳ ಚರಿತ್ರೆಯಲ್ಲೇ ಅಪರೂಪದ್ದು.

ಶಾಹ್

ಇರಾನಿನ ಪಶ್ಚಿಮ ಭಾಗದ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ಮೊದಲನೆಯ ಡೇರಿಯಸ್ ದೊರೆ ಕ್ರಿ.ಪೂ. 520ರ ಸುಮಾರಿಗೆ ಕೆತ್ತಿಸಿದ ಶಾಸನದಲ್ಲಿ ರಾಜನಿಗೆ ‘ಖ್ಶಾಯಥಿಯ’ ಎಂಬ ಪ್ರಾಚೀನ ಪರ್ಷಿಯನ್ ಪದವಿದೆ. ರಾಜಾಧಿರಾಜ ಎಂಬ ಬಿರುದು ಅಲ್ಲಿ ‘ಖ್ಶಾಯಥಿಯ ಖ್ಶಾಯಥಿಯಾನಾಂ’ ಎಂದಿದೆ. ಸಂಸ್ಕೃತ ಬಲ್ಲವರಿಗೆ ಕೊನೆಯ ಷಷ್ಠೀ ಬಹುವಚನ ಪ್ರತ್ಯಯದ ಪರಿಚಯ ಹೇಳಬೇಕಾಗಿಲ್ಲ. ಈ ಉದ್ದನೆಯ ಪದ ಶತಮಾನಗಳ ಬಾಯಿಬಳಕೆಯಲ್ಲಿ ಸವೆದು ‘ಶಾಹ್’ ಆಯಿತು, ಬಿರುದು ‘ಶಹಾನ್‌ಶಾಹ್’ ಆಯಿತು. ಆಳು, ಒಡೆತನ ನಡೆಸು ಎಂಬ ಅರ್ಥದ ಇದರ ಧಾತು ಸಂಸ್ಕೃತದಲ್ಲೂ ಇದ್ದು, ‘ಕ್ಷತ್ರ’, ‘ಕ್ಷತ್ರಿಯ’ ಪದಗಳು ಅದೇ ಮೂಲದವು ಎಂಬುದು ಭಾಷಾವಿಜ್ಞಾನಿಗಳ ನಿರ್ಣಯ. ಹೀಗೆ ಬ್ಯಾಂಕಿನ ಚೆಕ್ಕಿಗೂ ಕ್ಷತ್ರಿಯ ಎಂಬ ಪದಕ್ಕೂ ದೂರದ ದಾಯಾದಿತನ ಉಂಟು.

ಶಾಹ್ ಪದ ಕನ್ನಡಕ್ಕೆ ಇಂಗ್ಲಿಷಿಗಿಂತ ಬಹಳ ಮೊದಲೇ, ಬೇರೆ ದಾರಿಯಿಂದ ಬಂದಿತ್ತು. 1490ರಿಂದ 1686ರವರೆಗೆ ವಿಜಯಪುರದಿಂದ ಆಳಿದ ಮನೆತನ ಆದಿಲ್‌ಶಾಹಿ. ‘ಪಾದಶಹ’, ‘ಬಾದಶಹ’ ರೂಪಗಳು ಕನ್ನಡ ಬರಹಗಳಲ್ಲಿ ಹಳೆಯವು. ಇಪ್ಪತ್ತನೆಯ ಶತಮಾನದಲ್ಲಿ ‘ಶಾಹಿ’ ಎಂಬುದು ಕನ್ನಡದಲ್ಲಿ ಹೊಸ ಪದಗಳನ್ನು ಕಟ್ಟುವ ಪ್ರತ್ಯಯವೇ ಆಗಿಬಿಟ್ಟಿತು: ನೌಕರಶಾಹಿ, ಬಂಡವಾಳಶಾಹಿ, ಪುರೋಹಿತಶಾಹಿ. ಪತ್ರಿಕೆಯಲ್ಲಿ ಬಂಡವಾಳಶಾಹಿಯ ಬಗ್ಗೆ ಓದುವವನು, ಶರ್ಟಿನ ಚೆಕ್ಸ್ ನೋಡುವವನು, ಚದುರಂಗದಲ್ಲಿ ಚೆಕ್ ಕೊಡುವವನು ಮೂವರೂ ಇರಾನಿನ ರಾಜನ ಹೆಸರನ್ನೇ ಬೇರೆ ಬೇರೆ ವೇಷದಲ್ಲಿ ಬಳಸುತ್ತಿರುತ್ತಾರೆ.

ಆಟದ ಕೂಗು

ರಾಜನ ಹೆಸರು ಎಚ್ಚರಿಕೆಯ ಮಾತಾದದ್ದು ಚದುರಂಗದಿಂದ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯನ್ನು ಮಣೆಯ ಮೇಲಿಟ್ಟು ಆಡುವ ಈ ಆಟ ಭಾರತದ್ದು. ಏಳನೆಯ ಶತಮಾನದಲ್ಲಿ ಬಾಣಭಟ್ಟ ತನ್ನ ‘ಹರ್ಷಚರಿತ’ದಲ್ಲಿ ಇದರ ಪ್ರಸ್ತಾಪ ಮಾಡಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ಸಾಲಿನಲ್ಲಿ ಚದುರಂಗವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದನ್ನು ಯಾವ ಮನೆಗೂ ಎರಡು ಸಲ ಕಾಲಿಡದಂತೆ 64 ಮನೆಗಳನ್ನೂ ಸುತ್ತಿಸುವ ಲೆಕ್ಕಗಳನ್ನು ಕಟ್ಟಿದ್ದರು.

ಭಾರತದ ಚತುರಂಗ ಇರಾನಿಗೆ ಹೋಗಿ ‘ಚತ್ರಂಗ್’ ಆಯಿತು. ಏಳನೆಯ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದ ಮೇಲೆ ಅರಬ್ಬಿ ಬಾಯಲ್ಲಿ ‘ಶತ್ರಂಜ್’ ಆಯಿತು. ಆಟದ ಹೆಸರು ಹೀಗೆ ಭಾರತದ್ದೇ ಉಳಿದರೂ ಕಾಯಿಗಳಿಗೆ ಮತ್ತು ಕೂಗುಗಳಿಗೆ ಪರ್ಷಿಯನ್ ಹೆಸರುಗಳು ಅಂಟಿಕೊಂಡವು. ರಾಜನ ಮೇಲೆ ದಾಳಿ ಇಟ್ಟವನು ‘ಶಾಹ್’ ಎಂದು ಕೂಗಿ ಹೇಳಬೇಕಿತ್ತು. ರಾಜನೂ ರಥವೂ ಒಟ್ಟಿಗೆ ಸಿಕ್ಕಿಬಿದ್ದರೆ ‘ಶಾಹ್-ರುಖ್’. ರುಖ್ ಎಂದರೆ ರಥದ ಕಾಯಿ. ತೈಮೂರನ ಮಗನಿಗೆ ಶಾಹ್‌ರುಖ್ ಎಂಬ ಹೆಸರು ಈ ನಡೆಯಿಂದಲೇ ಬಂತೆಂಬ ಕಥೆ ಪ್ರಸಿದ್ಧ. ರಾಜನಿಗೆ ತಪ್ಪಿಸಿಕೊಳ್ಳಲು ಯಾವ ಮನೆಯೂ ಉಳಿಯದಿದ್ದಾಗ ‘ಶಾಹ್ ಮಾತ್’. ಇದರಲ್ಲಿನ ‘ಮಾತ್’ ಎಂಬುದನ್ನು ಸತ್ತ ಎಂಬ ಅರ್ಥದ ಅರಬ್ಬಿ ಕ್ರಿಯಾಪದವೆಂದು ಕೆಲವರು ಹೇಳಿದರೆ, ದಿಕ್ಕುಗೆಟ್ಟ, ಕೈಸೋತ ಎಂಬ ಅರ್ಥದ ಪರ್ಷಿಯನ್ ಪದವೆಂದು ಇನ್ನು ಕೆಲವರು ವಾದಿಸುತ್ತಾರೆ. ಎರಡನೆಯ ವಿವರಣೆಯೇ ಆಟಕ್ಕೆ ಹೆಚ್ಚು ಹೊಂದುತ್ತದೆ. ಚದುರಂಗದಲ್ಲಿ ಮಿಕ್ಕ ಕಾಯಿಗಳನ್ನು ಹೊಡೆದು ಮಣೆಯಿಂದ ಹೊರಗಿಡುವುದುಂಟು. ರಾಜನನ್ನು ಮಾತ್ರ ಯಾರೂ ಹೊಡೆಯುವುದಿಲ್ಲ. ಅವನು ಕೊನೆಯವರೆಗೂ ಮಣೆಯ ಮೇಲೇ ಇರುತ್ತಾನೆ, ಚಲಿಸಲು ದಾರಿ ಇಲ್ಲದೆ.

ಅರಬರ ಕೈಯಿಂದ ಆಟ ಸ್ಪೇನ್ ಮತ್ತು ಸಿಸಿಲಿಗಳ ಮೂಲಕ ಯುರೋಪಿನ ಒಳನಾಡಿಗೆ ಹೋಯಿತು. ಹನ್ನೊಂದನೆಯ ಶತಮಾನದ ಹೊತ್ತಿಗೆ ಅಲ್ಲಿ ಬೇರೂರಿತ್ತು. ಲ್ಯಾಟಿನ್ ಬರಹಗಾರರು ಶಾಹ್ ಎಂಬುದನ್ನು ‘ಸ್ಕಾಕುಸ್’ ಎಂದು ಬರೆದುಕೊಂಡರು. ಹಳೆಯ ಫ್ರೆಂಚಿನಲ್ಲಿ ಅದು ‘ಎಶೆಕ್’, ಬಹುವಚನದಲ್ಲಿ ‘ಎಶೆಸ್’. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಅರಮನೆ, ನ್ಯಾಯಾಲಯ, ಬೇಟೆ, ಆಟಗಳ ಫ್ರೆಂಚ್ ಪದಗಳೆಲ್ಲ ಇಂಗ್ಲಿಷಿಗೆ ಇಳಿದವು. ಈ ಎರಡು ರೂಪಗಳೂ ಮೊದಲ ಸ್ವರ ಕಳೆದುಕೊಂಡು ಒಳಬಂದವು: ಏಕವಚನದ ಎಶೆಕ್ ‘ಚೆಕ್’ ಆಯಿತು, ಬಹುವಚನದ ಎಶೆಸ್ ‘ಚೆಸ್’ ಆಯಿತು. ಇಂದು ಎರಡು ಬೇರೆ ಪದಗಳಂತೆ ಕಾಣುವ ಚೆಸ್ ಮತ್ತು ಚೆಕ್ ವಾಸ್ತವದಲ್ಲಿ ಒಂದೇ ಪದದ ವಚನಭೇದ. ಚೆಸ್ ಎಂದರೆ ‘ರಾಜರು’ ಎಂದಷ್ಟೇ ಅರ್ಥ. ಹದಿನಾಲ್ಕನೆಯ ಶತಮಾನದ ಕವಿ ಜೆಫ್ರಿ ಚಾಸರ್‌ನ ‘ದಿ ಬುಕ್ ಆಫ್ ದಿ ಡಚೆಸ್’ ಕಾವ್ಯದಲ್ಲಿ ದುಃಖಿತ ನಾಯಕನೊಬ್ಬ ವಿಧಿಯ ಎದುರು ಚದುರಂಗವಾಡಿ ಸೋಲುವ ಸಂದರ್ಭದಲ್ಲಿ ಈ ಕೂಗು ಕೇಳುತ್ತದೆ.

ಯುರೋಪಿನ ಉಳಿದ ಭಾಷೆಗಳಲ್ಲೂ ಇದೇ ಕುಟುಂಬದ ಪದಗಳಿವೆ. ಜರ್ಮನ್ನಿನಲ್ಲಿ ಚದುರಂಗ ‘ಶಾಖ್’, ಇಟಾಲಿಯನ್ನಿನಲ್ಲಿ ‘ಸ್ಕಾಕ್ಕಿ’. ರಷ್ಯನ್ನರು ಶಾಹ್ ಮಾತ್ ಎಂಬ ಇಡೀ ಮಾತನ್ನೇ ಆಟದ ಹೆಸರಾಗಿಸಿ ‘ಶಾಖ್ಮತಿ’ ಎನ್ನುತ್ತಾರೆ. ಫ್ರೆಂಚಿನಲ್ಲಿ ‘ಏಶೆಕ್’ ಎಂಬುದಕ್ಕೆ ಸೋಲು, ವೈಫಲ್ಯ ಎಂಬ ಅರ್ಥವೂ ಬಂದಿದೆ. ಸ್ಪ್ಯಾನಿಷ್ ಇದಕ್ಕೆ ಬದಲಾಗಿ ಶತ್ರಂಜ್ ಎಂಬ ಅರಬ್ಬಿ ಹೆಸರನ್ನು ಹಿಡಿದು ‘ಅಹೆದ್ರೇಸ್’ ಎಂದಿತು. ಸಂಸ್ಕೃತದ ಚತುರಂಗ ಅಷ್ಟು ದೂರ ಹೋಗಿಯೂ ಅದರೊಳಗೆ ಗುರುತಿಗೆ ಸಿಗುವಂತಿದೆ.

ಇಂದಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ರಾಜನಿಗೆ ದಾಳಿ ಇಟ್ಟಾಗ ಚೆಕ್ ಎಂದು ಹೇಳಬೇಕೆಂಬ ಕಡ್ಡಾಯವಿಲ್ಲ. ಟೂರ್ನಿಗಳಲ್ಲಿ ಆಟಗಾರರು ಮೌನವಾಗಿಯೇ ಕಾಯಿ ನಡೆಸುತ್ತಾರೆ. ಮನೆಯ ಜಗಲಿಯ ಆಟದಲ್ಲಿ ಮಾತ್ರ ಆ ಕೂಗು ಉಳಿದಿದೆ.

ಖಜಾನೆಯ ಮೇಜು

ಆಟದ ಪದ ಆಡಳಿತಕ್ಕೆ ಬಂದದ್ದು ಇಂಗ್ಲೆಂಡಿನ ರಾಜರ ಲೆಕ್ಕಪತ್ರದ ಮೂಲಕ. ಹಳೆಯ ಫ್ರೆಂಚಿನಲ್ಲಿ ಚದುರಂಗದ ಮಣೆಗೆ ‘ಎಶೆಕಿಯೆ’, ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯುಮ್’ ಎಂಬ ಹೆಸರಿತ್ತು. ಮೊದಲನೆಯ ಹೆನ್ರಿಯ ಕಾಲದಲ್ಲಿ (1100–1135) ಈ ಹೆಸರು ಅರಸನ ಆದಾಯದ ಲೆಕ್ಕ ತನಿಖೆ ಮಾಡುವ ಸಭೆಗೆ ಅಂಟಿತು. ಇಂಗ್ಲಿಷಿನಲ್ಲಿ ಅದು ‘ಎಕ್ಸ್‌ಚೆಕರ್’. ಬ್ರಿಟನ್ನಿನ ಹಣಕಾಸು ಸಚಿವರನ್ನು ಈಗಲೂ ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್ ಎನ್ನುವುದು ಈ ಕಾರಣಕ್ಕೆ.

ಆ ಸಭೆಯ ವಿವರಗಳು ಬಹಳ ಚೆನ್ನಾಗಿ ಉಳಿದಿವೆ. ಹನ್ನೆರಡನೆಯ ಶತಮಾನದ ಉತ್ತರಾರ್ಧದಲ್ಲಿ ರಾಜನ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಸ್‌ನೀಲ್, ಗುರುಶಿಷ್ಯರ ಸಂವಾದದ ರೂಪದಲ್ಲಿ ಎಕ್ಸ್‌ಚೆಕರಿನ ಕಾರ್ಯವಿಧಾನವನ್ನು ಬರೆದಿಟ್ಟ. ಮೇಜು ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲ. ಮೇಲಿಟ್ಟದ್ದು ಉರುಳಿ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಮೇಲೆ ಗೆರೆ ಎಳೆದ ಕಪ್ಪು ಬಟ್ಟೆ. ಗೆರೆಗಳ ನಡುವಿನ ಸಾಲುಗಳಲ್ಲಿ ಒಂದು ಪೆನ್ಸಿಗೆ, ಒಂದು ಶಿಲ್ಲಿಂಗಿಗೆ, ಒಂದು ಪೌಂಡಿಗೆ, ಮುಂದೆ ಇಪ್ಪತ್ತರ, ನೂರರ, ಸಾವಿರದ ಸ್ಥಾನಗಳು. ವರ್ಷಕ್ಕೆ ಎರಡು ಸಲ, ಈಸ್ಟರ್ ಮತ್ತು ಮೈಕೆಲ್‌ಮಸ್ ಸಮಯದಲ್ಲಿ, ಒಂದೊಂದು ಪ್ರಾಂತ್ಯದ ಷೆರೀಫನೂ ಬಂದು ಲೆಕ್ಕ ಒಪ್ಪಿಸಬೇಕು. ಅವನು ಕೊಡಬೇಕಾದ ಹಣವನ್ನು ಬಿಲ್ಲೆಗಳಿಂದ ಮೇಲಿನ ಸಾಲಿನಲ್ಲಿ ಇಡುತ್ತಿದ್ದರು. ಕಟ್ಟಿದ ಹಣವನ್ನು ಕೆಳಗೆ ಜೋಡಿಸಿ ಕಳೆಯುತ್ತಿದ್ದರು. ಲೆಕ್ಕಿಗನ ಕೈಯಾಡಿಕೆ ಸುತ್ತ ಕುಳಿತ ಎಲ್ಲರ ಕಣ್ಣಿಗೂ ಬೀಳುವಂತೆ ಅವನಿಗೆ ಮೇಜಿನ ನಡುಭಾಗದಲ್ಲಿ ಜಾಗ.

ಕಾಗದದ ಮೇಲೆ ಕೂಡಿ ಕಳೆಯಬಹುದಾದ ಲೆಕ್ಕಕ್ಕೆ ಇಷ್ಟು ದೊಡ್ಡ ಮೇಜು ಏಕೆ ಎಂಬ ಪ್ರಶ್ನೆಗೆ ಉತ್ತರ ಅಂಕಿಗಳಲ್ಲಿದೆ. ಆಗಿನ ಇಂಗ್ಲೆಂಡ್ ಬರೆಯುತ್ತಿದ್ದುದು ರೋಮನ್ ಅಂಕಿಗಳನ್ನು. ಅವುಗಳಲ್ಲಿ ಸೊನ್ನೆಯೂ ಇಲ್ಲ, ಸ್ಥಾನಬೆಲೆಯೂ ಇಲ್ಲ. ಬರೆದಿಡಲು ಬಂದಾವು, ಕೂಡಿ ಕಳೆಯಲು ಒದಗುವುದಿಲ್ಲ. ಗೆರೆ ಎಳೆದ ಬಟ್ಟೆ ಸ್ಥಾನಬೆಲೆಯ ಕೆಲಸ ಮಾಡುತ್ತಿತ್ತು, ಖಾಲಿ ಬಿಟ್ಟ ಮನೆಯೇ ಸೊನ್ನೆ. ಓದು ಬಾರದ ಷೆರೀಫನಿಗೂ ತನ್ನ ಬಾಕಿ ಕಣ್ಣೆದುರೇ ಕಾಣುತ್ತಿತ್ತು. ಈ ಮೇಜಿಗೆ ಚದುರಂಗದ ಹೆಸರು ಬಂದದ್ದು ಅದರ ಆಕಾರದಿಂದ ಮಾತ್ರವಲ್ಲ ಎಂದು ಫಿಟ್ಸ್‌ನೀಲ್ ವಿವರಿಸುತ್ತಾನೆ: ಮಣೆಯ ಮೇಲೆ ಎರಡು ಸೇನೆಗಳು ಸೆಣಸುವಂತೆ ಇಲ್ಲಿ ಖಜಾಂಚಿಯೂ ಷೆರೀಫನೂ ಎದುರುಬದುರು ಕುಳಿತು ಸೆಣಸುತ್ತಾರೆ, ಮಿಕ್ಕವರು ತೀರ್ಪುಗಾರರಂತೆ ನೋಡುತ್ತಾರೆ.

ಹಣ ಕಟ್ಟಿದ್ದಕ್ಕೆ ರಸೀತಿಯಾಗಿ ಕೊಡುತ್ತಿದ್ದುದು ಕಾಗದವಲ್ಲ, ಕಚ್ಚು ಹಾಕಿದ ಮರದ ಕಡ್ಡಿ. ಸಾವಿರ ಪೌಂಡಿಗೆ ಅಂಗೈ ಅಗಲದ ಕಚ್ಚು, ನೂರಕ್ಕೆ ಹೆಬ್ಬೆರಳ ಅಗಲ, ಇಪ್ಪತ್ತಕ್ಕೆ ಕಿರುಬೆರಳು, ಒಂದು ಪೌಂಡಿಗೆ ಬಲಿತ ಬಾರ್ಲಿ ಕಾಳಿನಷ್ಟು, ಪೆನ್ಸಿಗೆ ಬರೀ ಗೀರು. ಬಳಿಕ ಕಡ್ಡಿಯನ್ನು ಉದ್ದಕ್ಕೆ ಸೀಳಿ ಒಂದು ಹೋಳನ್ನು ಹಣ ಕಟ್ಟಿದವನಿಗೆ ಕೊಟ್ಟು, ಇನ್ನೊಂದನ್ನು ಖಜಾನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುಂದೆ ಎರಡನ್ನೂ ಜೋಡಿಸಿದಾಗ ಕಚ್ಚುಗಳು ಒಂದಕ್ಕೊಂದು ಕೂಡಬೇಕು, ಕೂಡದಿದ್ದರೆ ಮೋಸ. ಚೆಕ್ ಪದದ ಮುಂದಿನ ಅರ್ಥಗಳಲ್ಲಿ ಅರ್ಧಕ್ಕರ್ಧ ಈ ಸೀಳಿದ ಕಡ್ಡಿಯಲ್ಲೇ ಅಡಗಿವೆ. ಈ ವಿಧಾನ ಶತಮಾನಗಳ ಕಾಲ ನಡೆಯಿತು. ಕೊನೆಗೆ ನಿರುಪಯುಕ್ತವಾದ ಕಡ್ಡಿಗಳ ರಾಶಿಯನ್ನು 1834ರ ಅಕ್ಟೋಬರ್ 16ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅರಮನೆಯ ಒಲೆಗಳಲ್ಲಿ ಸುಡಲು ಹೋಗಿ ಪಾರ್ಲಿಮೆಂಟಿನ ಕಟ್ಟಡವೇ ಬೆಂಕಿಗೆ ಆಹುತಿಯಾಯಿತು. ಇಂದಿನ ಪಾರ್ಲಿಮೆಂಟ್ ಭವನ ಆ ಬೆಂಕಿಯ ನಂತರ ಕಟ್ಟಿದ್ದು.

ತಡೆಯಿಂದ ತಾಳೆಗೆ

ಚದುರಂಗದಲ್ಲಿ ಚೆಕ್ ಬಿದ್ದ ಕ್ಷಣ ಉಳಿದ ಆಟವೆಲ್ಲ ನಿಲ್ಲುತ್ತದೆ. ಎಷ್ಟೇ ಒಳ್ಳೆಯ ನಡೆ ಕೈಯಲ್ಲಿದ್ದರೂ ಬಿಟ್ಟು ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಮಣೆಯಾಚೆಗೆ ಪದ ಬಂದಾಗ ಈ ‘ಥಟ್ಟನೆ ನಿಲ್ಲಿಸು’ ಎಂಬ ಭಾವವೇ ಮೊದಲು ಹೊರಬಂತು. ಸೇನೆಗೆ ಬಿದ್ದ ಏಟು, ಗದರಿಕೆ, ಓಡುವ ಕುದುರೆಗೆ ಎಳೆದ ಕಡಿವಾಣ, ವಾಸನೆ ತಪ್ಪಿ ಬೇಟೆನಾಯಿ ನಿಂತದ್ದು ಎಲ್ಲಕ್ಕೂ ಇಂಗ್ಲಿಷರು ಚೆಕ್ ಎಂದರು. ಐಸ್ ಹಾಕಿಯಲ್ಲಿ ಎದುರಾಳಿಗೆ ಮೈಯೊಡ್ಡಿ ತಡೆಯುವುದಕ್ಕೂ, ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವಿಗೂ ಇದೇ ಹೆಸರು. ರಾಜ್ಯಶಾಸ್ತ್ರದ ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಕೂಡ ಈ ಕವಲಿನದು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಂದನ್ನೊಂದು ಹದ್ದುಬಸ್ತಿನಲ್ಲಿ ಇಡಬೇಕೆಂಬ ಈ ವಿಚಾರಕ್ಕೆ 1748ರಲ್ಲಿ ಫ್ರಾನ್ಸಿನ ಮಾಂಟೆಸ್ಕ್ಯೂ ನೆಲೆ ಒದಗಿಸಿದ. 1788ರಲ್ಲಿ ಜೇಮ್ಸ್ ಮ್ಯಾಡಿಸನ್ ಅಮೆರಿಕದ ಸಂವಿಧಾನವನ್ನು ಸಮರ್ಥಿಸಿ ಬರೆದ ಲೇಖನಗಳು ಅದನ್ನು ಜನರ ಮುಂದಿಟ್ಟವು.

ತಡೆ ಎಂಬ ಅರ್ಥದಿಂದ ತಪಾಸಣೆ ಎಂಬ ಅರ್ಥ ಹುಟ್ಟಿದ್ದು ಹೇಗೆ ಎಂಬುದು ಈ ಪದದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ತಿರುವು. ಲೆಕ್ಕದಲ್ಲಿ ಮೋಸ ನಡೆಯದಂತೆ ತಡೆಯುವ ಹಳೆಯ ಉಪಾಯವೆಂದರೆ ಒಂದೇ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಇಟ್ಟು ಆಮೇಲೆ ಹೋಲಿಸುವುದು. ಇಂಗ್ಲೆಂಡಿನ ನೌಕಾಪಡೆಯ ಹಡಗುಕಟ್ಟೆಗಳಲ್ಲಿ ‘ಕ್ಲರ್ಕ್ ಆಫ್ ದಿ ಚೆಕ್’ ಎಂಬ ಅಧಿಕಾರಿ ಇರುತ್ತಿದ್ದ. ಕೆಲಸಗಾರರ ಹಾಜರಿ ಪಟ್ಟಿ ಅವನ ಕೈಯಲ್ಲಿ. ಬರದವನ ಹೆಸರಿನಲ್ಲಿ ಕೂಲಿ ಹೋಗದಂತೆ ತಡೆಯುವುದು ಅವನ ಕೆಲಸ. ತಡೆಯುವ ಬಗೆ, ಹೆಸರು ಕೂಗಿ ಪಟ್ಟಿಗೆ ತಾಳೆ ನೋಡುವುದು. ತಡೆಯುವುದು, ತಾಳೆ ನೋಡುವುದು ಎರಡೂ ಒಬ್ಬನೇ ಮಾಡುವ ಒಂದೇ ಕೆಲಸವಾದಾಗ ಪದದ ಅರ್ಥ ಒಂದರಿಂದ ಇನ್ನೊಂದಕ್ಕೆ ಜಾರಿತು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಚೆಕ್ ಮಾಡುವುದೆಂದರೆ ಸರಿಯಿದೆಯೇ ಎಂದು ನೋಡುವುದು ಎಂಬ ಅರ್ಥ ಇಂಗ್ಲಿಷಿನಲ್ಲಿ ನೆಲೆಗೊಂಡಿತು. ಕಂಟ್ರೋಲ್ ಎಂಬ ಪದದ ಕಥೆಯೂ ಇದೇ: ಫ್ರೆಂಚಿನಲ್ಲಿ ಅದರ ಮೂಲಾರ್ಥ ಎದುರುಪಟ್ಟಿ, ಅಂದರೆ ಮೊದಲ ಪಟ್ಟಿಯನ್ನು ತಾಳೆ ನೋಡಲು ಇಟ್ಟ ಎರಡನೆಯ ಪಟ್ಟಿ.

ಇಂದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಈ ಅರ್ಥವೇ. ಚೆಕಪ್, ಚೆಕ್‌ಪಾಯಿಂಟ್, ಕ್ರಾಸ್‌ಚೆಕ್, ಸ್ಪೆಲ್‌ಚೆಕ್ ಎಲ್ಲ ಇದರ ಸಂತಾನ. ಇವುಗಳಲ್ಲಿ ಚೆಕ್‌ಲಿಸ್ಟ್ ಜೀವ ಉಳಿಸುವ ಪದವಾಯಿತು. 1935ರ ಅಕ್ಟೋಬರ್ 30ರಂದು ಅಮೆರಿಕದ ಓಹಾಯೋದಲ್ಲಿ ಬೋಯಿಂಗ್ ಕಂಪನಿಯ ‘ಮಾಡೆಲ್ 299’ ಬಾಂಬರ್ ವಿಮಾನ ಪ್ರದರ್ಶನ ಹಾರಾಟಕ್ಕೆ ಮೇಲೇರಿದ ಕೂಡಲೇ ಬಿದ್ದು ಉರಿದುಹೋಯಿತು. ಗಾಯಗೊಂಡ ಇಬ್ಬರು ಅನುಭವಿ ಪೈಲಟ್‌ಗಳು ಉಳಿಯಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ. ವಿಮಾನ ನಿಂತಿದ್ದಾಗ ಗಾಳಿಗೆ ರೆಕ್ಕೆ ಬಾಲಗಳ ಪಟ್ಟಿಗಳು ಅಲುಗದಂತೆ ಹಾಕಿದ್ದ ಲಾಕನ್ನು ಹಾರುವ ಮುನ್ನ ತೆಗೆಯಲು ಮರೆತಿತ್ತು. ಈ ವಿಮಾನ ಒಬ್ಬ ಮನುಷ್ಯನ ನೆನಪಿಗೆ ಮೀರಿದ್ದು ಎಂದು ಕಂಡುಕೊಂಡ ಪೈಲಟ್‌ಗಳು ಹೊರಡುವ ಮುನ್ನ ನೋಡಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಒಂದೊಂದಾಗಿ ಓದಿ ಗುರುತು ಹಾಕತೊಡಗಿದರು. ಅದೇ ಮಾದರಿಯ ವಿಮಾನ ಮುಂದೆ ಬಿ-17 ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ಕ್ರಮವನ್ನು ಆಪರೇಷನ್ ಕೊಠಡಿಗೆ ತಂದು 19 ಅಂಶಗಳ ಚೆಕ್‌ಲಿಸ್ಟ್ ಹೊರಡಿಸಿತು. ರೋಗಿಯ ಹೆಸರೇನು, ಕೊಯ್ಯಬೇಕಾದ ಜಾಗ ಯಾವುದು, ಒಳಗೆ ಬಟ್ಟೆಯ ತುಂಡು ಉಳಿದಿಲ್ಲ ತಾನೆ ಎಂಬಂಥ ತೀರ ಸರಳ ಪ್ರಶ್ನೆಗಳು ಅದರಲ್ಲಿವೆ. ಸರಳವಾದದ್ದನ್ನೇ ಮನುಷ್ಯ ಮರೆಯುವುದರಿಂದ ಅವುಗಳ ಬೆಲೆ ದೊಡ್ಡದು.

ಬ್ಯಾಂಕಿನ ಚೆಕ್

ಹಣದ ಚೆಕ್ ಕೂಡ ಹುಟ್ಟಿದ್ದು ತಾಳೆ ನೋಡುವ ಅರ್ಥದಿಂದಲೇ. ಬ್ಯಾಂಕಿನವರು ಹಣಪತ್ರದ ಒಂದು ಭಾಗವನ್ನು ತಮ್ಮಲ್ಲಿ ಉಳಿಸಿಕೊಂಡು, ಪತ್ರ ಮರಳಿ ಬಂದಾಗ ಅದರೊಡನೆ ಹೋಲಿಸಿ ನೋಡುತ್ತಿದ್ದರು. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚೆಕ್ ಎಂಬುದು ಹೀಗೆ ಉಳಿಸಿಕೊಂಡ ಭಾಗದ, ಅಂದರೆ ಕೌಂಟರ್‌ಫಾಯಿಲಿನ ಹೆಸರು. ಆಮೇಲೆ ಅಂಥ ಭಾಗವುಳ್ಳ ಪತ್ರಕ್ಕೆ, ಕೊನೆಗೆ ಆ ಬಗೆಯ ಎಲ್ಲ ಪತ್ರಗಳಿಗೂ ಹೆಸರಾಯಿತು. ಚೆಕ್‌ಬುಕ್ಕಿನಲ್ಲಿ ಉಳಿಯುವ ಕೌಂಟರ್‌ಫಾಯಿಲ್ ಎಕ್ಸ್‌ಚೆಕರಿನ ಸೀಳಿದ ಕಡ್ಡಿಯ ನೇರ ವಾರಸುದಾರ; ಖಜಾನೆಯಲ್ಲಿ ಉಳಿಯುತ್ತಿದ್ದ ಹೋಳಿನ ಹೆಸರೇ ಫಾಯಿಲ್. ವಸ್ತು ಮಾತ್ರ ಪದಕ್ಕಿಂತ ಹಳೆಯದು. ಇಂಗ್ಲೆಂಡಿನಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ಕೈಬರಹದ ಚೆಕ್‌ಗಳಲ್ಲಿ ಒಂದು 1659ರದು, 400 ಪೌಂಡಿನದು. ಅದನ್ನು ಬರೆದವರಿಗೆ ಚೆಕ್ ಎಂಬ ಹೆಸರು ಗೊತ್ತಿರಲಿಲ್ಲ.

ಬ್ರಿಟಿಷರು ಇದನ್ನು ಕೊನೆಯಲ್ಲಿ ‘ಕ್ಯು-ಯು-ಇ’ ಹಾಕಿ ಬರೆಯುವುದು ಎಕ್ಸ್‌ಚೆಕರ್ ಪದದ ಪ್ರಭಾವದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬರವಣಿಗೆ ಗಟ್ಟಿಯಾಯಿತು. ಅಮೆರಿಕನ್ನರು ಹಳೆಯ ‘ಸಿ-ಕೆ’ಯನ್ನೇ ಉಳಿಸಿಕೊಂಡರು. ಭಾರತ ಬ್ರಿಟಿಷರ ಬರವಣಿಗೆಯನ್ನು ಅನುಸರಿಸಿದೆ. ಕನ್ನಡ ಲಿಪಿಯಲ್ಲಿ ಎರಡೂ ‘ಚೆಕ್’ ಆಗುವುದರಿಂದ ಈ ಭೇದ ಕಾಣಿಸುವುದೇ ಇಲ್ಲ, ಮತ್ತು ಮೂಲದ ದೃಷ್ಟಿಯಿಂದ ನೋಡಿದರೆ ಕನ್ನಡದ ಬರವಣಿಗೆಯೇ ಸರಿ. ಅರಬ್ಬಿಯಲ್ಲಿ ಹಣಪತ್ರಕ್ಕೆ ‘ಸಕ್ಕ್’ ಎಂಬ ಪ್ರಾಚೀನ ಪದವಿದೆ. ಇಂಗ್ಲಿಷಿನ ಚೆಕ್ ಅದರಿಂದಲೇ ಬಂತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಧ್ವನಿ ಮತ್ತು ಅರ್ಥ ಎರಡೂ ಹತ್ತಿರವಿದ್ದರೂ ಇಂಗ್ಲಿಷಿನಲ್ಲಿ ತಡೆ, ತಾಳೆ, ಕೌಂಟರ್‌ಫಾಯಿಲ್, ಹಣಪತ್ರ ಎಂದು ಅರ್ಥ ಬೆಳೆದ ಮೆಟ್ಟಿಲುಗಳು ಒಂದೂ ತಪ್ಪದೆ ಕಾಣುವುದರಿಂದ ಹೆಚ್ಚಿನ ನಿಘಂಟುಕಾರರು ಈ ವಾದವನ್ನು ಒಪ್ಪುವುದಿಲ್ಲ.

ಭಾರತದಲ್ಲಿ ಚೆಕ್ಕಿಗೆ ಕಾನೂನಿನ ಆಧಾರ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದರ 6ನೇ ಕಲಂ ಚೆಕ್ ಎಂದರೇನೆಂದು ಹೇಳುತ್ತದೆ. ಕನ್ನಡಿಗರ ಬಾಯಲ್ಲಿ ಹೆಚ್ಚು ಓಡಾಡುವುದು 138ನೇ ಕಲಂ. ಖಾತೆಯಲ್ಲಿ ಸಾಕಷ್ಟು ಹಣವಿಲ್ಲದೆ ಚೆಕ್ ಮರಳಿದರೆ ಅದನ್ನು ಅಪರಾಧವೆಂದು ಎಣಿಸುವ ಈ ಕಲಂ 1989ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಚೆಕ್ ಪಡೆದವನು ಅದು ಮರಳಿದ ಸುದ್ದಿ ತಿಳಿದ 30 ದಿನಗಳೊಳಗೆ ನೋಟಿಸ್ ಕೊಡಬೇಕು. ನೋಟಿಸ್ ಮುಟ್ಟಿದ 15 ದಿನಗಳೊಳಗೆ ಹಣ ಬಾರದಿದ್ದರೆ ದೂರು ಹೂಡಬಹುದು. ಎರಡು ವರ್ಷದವರೆಗಿನ ಜೈಲು ಇಲ್ಲವೆ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ ಆಗಬಹುದು. ‘ಚೆಕ್ ಬೌನ್ಸ್ ಕೇಸು’ ಎಂದರೆ ತಾಲ್ಲೂಕು ಕೋರ್ಟಿನ ಆವರಣದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಚೆಕ್ಕಿನ ಆಯಸ್ಸು 2012ರ ಏಪ್ರಿಲ್ 1ರಿಂದ ಆರು ತಿಂಗಳ ಬದಲು ಮೂರು ತಿಂಗಳಿಗೆ ಇಳಿದಿದೆ. ಚೆಕ್ಕಿನ ಕೆಳಅಂಚಿನಲ್ಲಿ ಆಯಸ್ಕಾಂತದ ಗುಣವಿರುವ ಶಾಯಿಯಲ್ಲಿ ಆರು ಅಂಕಿಗಳ ಚೆಕ್ ಸಂಖ್ಯೆ, ಅದರ ಪಕ್ಕ ಒಂಬತ್ತು ಅಂಕಿಗಳ ಬ್ಯಾಂಕ್ ಶಾಖೆಯ ಸಂಕೇತ ಇರುತ್ತದೆ. ಆ ಒಂಬತ್ತರಲ್ಲಿ ಮೊದಲ ಮೂರು ಊರಿನವು, ಬೆಂಗಳೂರಿಗೆ 560. ಎಡಮೂಲೆಯಲ್ಲಿ ಎರಡು ಓರೆಗೆರೆ ಎಳೆದರೆ ಹಣ ಕೈಗೆ ಸಿಗದೆ ಖಾತೆಗೇ ಹೋಗಬೇಕು.

ಚೌಕಳಿ, ಟೋಕನ್, ಗುರುತು

ಚದುರಂಗದ ಮಣೆಯ ನೋಟದಿಂದ ಹುಟ್ಟಿದ ಕವಲು ಇನ್ನೊಂದು. ‘ಚೆಕರ್’ ಎಂದರೆ ಮಣೆ. ಮಣೆಯಂತೆ ಚೌಕ ಚೌಕವಾಗಿ ನೇಯ್ದ ಬಟ್ಟೆ ‘ಚೆಕ್’. ಮೋಟಾರ್ ಪಂದ್ಯ ಮುಗಿದಾಗ ಬೀಸುವ ಕಪ್ಪು ಬಿಳುಪಿನ ಬಾವುಟ, ಅಮೆರಿಕನ್ನರು ಮಣೆಯ ಮೇಲೆ ಬಿಲ್ಲೆಗಳಿಟ್ಟು ಆಡುವ ಚೆಕರ್ಸ್ ಆಟ ಈ ಸಾಲಿಗೆ ಸೇರುತ್ತವೆ. ಬ್ರಿಟನ್ನಿನ ಪ್ರಧಾನಿಯ ಹಳ್ಳಿಮನೆಯ ಹೆಸರು ಚೆಕರ್ಸ್ ಆದದ್ದು ಹನ್ನೆರಡನೆಯ ಶತಮಾನದಲ್ಲಿ ಆ ಜಾಗ ಎಕ್ಸ್‌ಚೆಕರಿನ ಅಧಿಕಾರಿಯೊಬ್ಬನ ಕೈಯಲ್ಲಿದ್ದುದರಿಂದ ಎಂದು ಹೇಳಲಾಗುತ್ತದೆ.

ಚೆಕ್ಸ್ ಬಟ್ಟೆಗೆ ಕನ್ನಡದ ಸ್ವಂತ ಪದ ಚೌಕಳಿ. ಉಡುಪಿ ಸೀರೆಯ ಒಡಲಿನಲ್ಲಿ, ಲುಂಗಿಗಳಲ್ಲಿ, ಮಗ್ಗದ ಟವೆಲಿನಲ್ಲಿ ಕಾಣುವ ಈ ವಿನ್ಯಾಸ ನೇಕಾರನಿಗೆ ಹಾಸಿನಲ್ಲೂ ಹೊಕ್ಕಿನಲ್ಲೂ ಬಣ್ಣದ ನೂಲನ್ನು ಲೆಕ್ಕ ಹಿಡಿದು ಬದಲಿಸುವ ಕೆಲಸ. ಚೌಕ ಎಂಬುದು ನಾಲ್ಕು ಎಂಬ ಅರ್ಥದ ಸಂಸ್ಕೃತ ‘ಚತುರ್’ನಿಂದ, ಪ್ರಾಕೃತದ ದಾರಿಯಲ್ಲಿ ಬಂದ ಪದ. ಚದುರಂಗದ ಮೊದಲ ಭಾಗವೂ ಅದೇ. ಹೀಗಾಗಿ ಒಂದೇ ಅಂಗಿಯನ್ನು ಇಂಗ್ಲಿಷ್ ಮಣೆಯ ರಾಜನಿಂದ ಕರೆದರೆ, ಕನ್ನಡ ಮಣೆಯ ನಾಲ್ಕು ಬದಿಗಳಿಂದ ಕರೆಯುತ್ತದೆ.

ಟೋಕನ್ ಎಂಬ ಅರ್ಥ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಹತ್ತೊಂಬತ್ತನೆಯ ಶತಮಾನದ ಅಲ್ಲಿನ ರೈಲುಗಳಲ್ಲಿ ಒಂದೇ ಸಂಖ್ಯೆಯ ಎರಡು ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಪೆಟ್ಟಿಗೆಗೆ ಕಟ್ಟಿ, ಇನ್ನೊಂದನ್ನು ಪ್ರಯಾಣಿಕನಿಗೆ ಕೊಡುತ್ತಿದ್ದರು. ಇಳಿದಾಗ ಎರಡೂ ಕೂಡಿದರೆ ಪೆಟ್ಟಿಗೆ ಅವನದು. ವಿಮಾನಯಾನದ ಚೆಕ್-ಇನ್ ಲಗೇಜಿನ ಮೂಲ ಇಲ್ಲಿದೆ. ಮಳೆಯಿಂದ ಬೇಸ್‌ಬಾಲ್ ಪಂದ್ಯ ನಿಂತಾಗ ಮತ್ತೊಂದು ದಿನ ಬರಲು ಕೊಡುತ್ತಿದ್ದ ಚೀಟಿ ‘ರೇನ್‌ಚೆಕ್’. ಈಗ ಅದು ಆಹ್ವಾನವನ್ನು ಮುಂದೂಡುವ ವಿನಯದ ಮಾತು. ಅಮೆರಿಕನ್ನರಿಗೆ ಹೋಟೆಲ್ ಬಿಲ್ಲೂ ಚೆಕ್, ಸರಿ ಗುರುತೂ ಚೆಕ್. ಬ್ರಿಟಿಷರಿಗೆ ಆ ಗುರುತು ‘ಟಿಕ್’; ಕನ್ನಡ ಮೇಷ್ಟರುಗಳಿಗೆ ‘ರೈಟ್ ಮಾರ್ಕ್’.

ಕನ್ನಡದಲ್ಲಿ

ಕನ್ನಡ ಈ ಪದವನ್ನು ‘ಮಾಡು’, ‘ಆಗು’, ‘ಕೊಡು’ ಕ್ರಿಯಾಪದಗಳ ಜೊತೆ ಬೆಸೆದು ತನ್ನದಾಗಿಸಿಕೊಂಡಿದೆ. ಚೆಕ್ ಮಾಡು ಎಂದರೆ ತಪಾಸಣೆ, ಚೆಕ್ ಕೊಡು ಎಂದರೆ ಚದುರಂಗ ಇಲ್ಲವೆ ಬ್ಯಾಂಕು, ಚೆಕ್ ಮಾಡಿಸು ಎಂದರೆ ಬಹುಮಟ್ಟಿಗೆ ಡಾಕ್ಟರು. ಬಸ್ಸಿನಲ್ಲಿ ‘ಚೆಕಿಂಗ್ ಬಂತು’ ಎಂಬ ಮಾತು ಬಿದ್ದರೆ ಸಾಕು. ನಿಂತವರು ಕುಳಿತವರು ಎಲ್ಲ ಜೇಬು, ಪರ್ಸು, ವಾಚಿನ ಬೆಲ್ಟಿನ ಸಂದುಗಳಲ್ಲಿ ಸುರುಳಿಯಾದ ಟಿಕೆಟ್ಟನ್ನು ತಡಕತೊಡಗುತ್ತಾರೆ, ಕಂಡಕ್ಟರು ಚೀಲ ತೆರೆದು ಹಣ ಎಣಿಸಲು ಕೂರುತ್ತಾನೆ. ಮಾರಿದ ಟಿಕೆಟ್ಟಿಗೂ ಕೈಯಲ್ಲಿರುವ ಹಣಕ್ಕೂ ತಾಳೆ ಬೀಳಬೇಕು. ಎಂಟು ಶತಮಾನಗಳ ಹಿಂದೆ ಷೆರೀಫನ ಎದುರಿಗಿದ್ದ ಲೆಕ್ಕವೂ ಇದೇ ಬಗೆಯದು.

ತಡೆ ಎಂಬ ಹಳೆಯ ಅರ್ಥ ಕನ್ನಡದಲ್ಲಿ ಮುಖ್ಯವಾಗಿ ಎರಡು ಕಡೆ ಉಳಿದಿದೆ. ಒಂದು ಚೆಕ್‌ಪೋಸ್ಟ್. ಹಿಂದೆ ಊರ ದಾರಿಯ ಸುಂಕದಕಟ್ಟೆ ಮಾಡುತ್ತಿದ್ದ ಕೆಲಸ ಅದಕ್ಕೆ ಬಂತು; 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಮೇಲೆ ರಾಜ್ಯಗಳ ಗಡಿಯಲ್ಲಿನ ಮಾರಾಟ ತೆರಿಗೆ ಚೆಕ್‌ಪೋಸ್ಟ್‌ಗಳು ಎದ್ದುಹೋದರೂ ಅರಣ್ಯ ಮತ್ತು ಪೊಲೀಸ್ ಚೆಕ್‌ಪೋಸ್ಟ್‌ಗಳು ಇವೆ. ಇನ್ನೊಂದು ಚೆಕ್ ಡ್ಯಾಂ. ಹಳ್ಳ ತೊರೆಗಳಿಗೆ ಅಡ್ಡಲಾಗಿ ಕಟ್ಟುವ ಈ ಗಿಡ್ಡ ಕಟ್ಟೆಯ ಉದ್ದೇಶ ನೀರನ್ನು ಪೂರ್ತಿ ಹಿಡಿದಿಡುವುದಲ್ಲ, ಓಟಕ್ಕೆ ಕಡಿವಾಣ ಹಾಕುವುದು. ನೀರು ನಿಧಾನವಾದರೆ ಕೊಚ್ಚಿಕೊಂಡು ಬಂದ ಮಣ್ಣು ಅಲ್ಲೇ ಕೂರುತ್ತದೆ, ನೀರು ನೆಲಕ್ಕೆ ಇಂಗುತ್ತದೆ, ಕೆಳಗಿನ ಬಾವಿಗಳಲ್ಲಿ ಸೆಲೆ ಏರುತ್ತದೆ. ಕರಾವಳಿಯಲ್ಲಿ ಇದಕ್ಕೆ ಹತ್ತಿರದ್ದು ಕಿಂಡಿ ಅಣೆಕಟ್ಟು. ಮಳೆಗಾಲ ಮುಗಿದ ಮೇಲೆ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮಳೆ ಬರುವ ಮುನ್ನ ತೆಗೆಯುತ್ತಾರೆ.

ಧ್ವನಿಯಲ್ಲಿ ಹೋಲುವ ಎಲ್ಲ ಪದಗಳೂ ಈ ಕುಟುಂಬದವಲ್ಲ. ಚೆಕ್ ಗಣರಾಜ್ಯದ ಹೆಸರು ಅಲ್ಲಿನ ಸ್ಲಾವ್ ಜನಾಂಗದ್ದು. ಚದುರಂಗಕ್ಕೂ ಅದಕ್ಕೂ ನಂಟಿಲ್ಲ. ಜಮೀನು, ನಿವೇಶನಗಳ ಕ್ರಯಪತ್ರದ ಕೊನೆಯಲ್ಲಿ ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಜಮೀನು ಎಂದು ನಾಲ್ಕು ದಿಕ್ಕಿನ ಎಲ್ಲೆ ಬರೆಯುವ ‘ಚೆಕ್ಕುಬಂದಿ’ಯನ್ನು ಕೇಳಿದವರಿಗೆ ಇಂಗ್ಲಿಷಿನ ಚೆಕ್ ನೆನಪಾಗುವುದು ಸಹಜ. ಆದರೆ ಅದರ ಮೊದಲ ಭಾಗ ಜಮೀನಿನ ತುಂಡು ಎಂಬ ಅರ್ಥದ ‘ಚಕ್’, ಎರಡನೆಯದು ಕಟ್ಟು ಎಂಬ ಅರ್ಥದ ಪರ್ಷಿಯನ್ ‘ಬಂದಿ’. ಹಳೆಯ ಕಂದಾಯ ಆಡಳಿತದ ಭಾಷೆಯಿಂದ ಬಂದ ಈ ಪದವನ್ನು ಕೆಲವು ಪತ್ರಗಳಲ್ಲಿ ‘ಚಕ್ಕುಬಂದಿ’ ಎಂದೂ ಬರೆಯುತ್ತಾರೆ. ಮೂಲಕ್ಕೆ ಹತ್ತಿರವಾದದ್ದು ಆ ರೂಪವೇ.